ಹಳೆ ತಗಡಿನ ಕೂಲರ್ ರಿಪೇರಿ: ಕ್ಯಾಪಾಸಿಟರ್‌ನಿಂದ ಕಿಟಕಿಯವರೆಗೆ

ಕಲಬುರಗಿಯಲ್ಲಿ ಹೋಳಿಯ ಬೆನ್ನಿಗೆ ಅಪ್ಪನ ಜಾತ್ರೆ, ಜಾತ್ರೆಯ ಬೆನ್ನಿಗೆ ಬಿಸಿಲು. ಶರಣಬಸವೇಶ್ವರರ ತೇರು ಎಳೆದಾಯಿತು ಅಂದರೆ ಮನೆಮನೆಯಲ್ಲೂ ಕೂಲರ್ ಹೊರಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅಂಥ ಊರು ಇದು. ನಾವಿರುವುದು ಮೇಲಿನ ಮಹಡಿಯ ಬಾಡಿಗೆ ಮನೆ. ನೆತ್ತಿಯ ಮೇಲೆ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಸೂರ್ಯ. ನಡುವೆ ಇನ್ನೇನೂ ಇಲ್ಲ.

ಏಸಿ ಹಾಕಿಸೋಣ ಅಂತ ಗಂಡ ಹೇಳಿದ್ದ. ನನಗೆ ಮನಸ್ಸಿರಲಿಲ್ಲ. ಒಂದು, ಕರೆಂಟ್ ಬಿಲ್ಲು. ಒಂದೂವರೆ ಟನ್ನಿನ ಏಸಿ ಓಡುವಾಗ ಸುಮಾರು 1500 ವ್ಯಾಟ್ ಎಳೆಯುತ್ತದೆ, ಕೂಲರ್ 200 ವ್ಯಾಟ್ ಒಳಗೆ ಮುಗಿಸುತ್ತದೆ. ಎರಡು, ಮಾವನ ಮನೆಯಲ್ಲಿ ಒಂದು ಹಳೆ ತಗಡಿನ ಕೂಲರ್ ಸುಮ್ನೆ ಬಿದ್ದಿತ್ತು. 18 ಇಂಚಿನ ಫ್ಯಾನು, ಮೂರು ಕಡೆ ಹುಲ್ಲಿನ ಪ್ಯಾಡು, ಕೆಳಗೆ 60 ಲೀಟರಿನ ತೊಟ್ಟಿ. ಊರಲ್ಲೇ ತಗಡು ಮಡಚಿ ಮಾಡಿದ ಮಾಲು. ದಪ್ಪ ತಗಡು, ನಟ್ಟು ಬೋಲ್ಟು ಎಲ್ಲ ಬಿಚ್ಚಬಹುದು. ಈಗಿನ ಪ್ಲಾಸ್ಟಿಕ್ ಕೂಲರ್‌ಗಳಲ್ಲಿ ಒಂದು ಲಾಕ್ ಮುರಿದರೆ ಇಡೀ ಮುಖವೇ ಹೋಗುತ್ತದೆ. ರಿಪೇರಿ ಮಾಡುವವರಿಗೆ ತಗಡಿನದ್ದೇ ಮೇಲು, ಒಂದೇ ಒಂದು ಮಾತು ಬಿಟ್ಟರೆ. ಆ ಮಾತು ಅರ್ಥಿಂಗ್. ಅದಕ್ಕೆ ಆಮೇಲೆ ಬರುತ್ತೇನೆ.

ಕೂಲರ್ ನೋಡಿದ ಮೆಕ್ಯಾನಿಕ್ ಒಬ್ಬರು ಒಂದೇ ಮಾತಲ್ಲಿ ಮುಗಿಸಿದ್ದರು: "ಮೋಟಾರ್ ಸುಟ್ಟದರಿ, ವೈಂಡಿಂಗ್ ಮಾಡಸಬೇಕು." ಅತ್ತೆಯದು ಬೇರೆ ದೂರು. ಚೆನ್ನಾಗಿದ್ದಾಗಲೂ ಅದು ತಂಪು ಮಾಡುತ್ತಿರಲಿಲ್ಲ, ಮೈಯೆಲ್ಲ ಅಂಟಂಟು ಮಾಡುತ್ತಿತ್ತು ಅಂತ. ಈ ಎರಡನೇ ದೂರು ನನಗೆ ಜಾಸ್ತಿ ಮುಖ್ಯ ಅನಿಸಿತು. ಮೋಟಾರು ಹೊಸದು ಹಾಕಬಹುದು. ಅಂಟಂಟು ಮಾಡುವ ಕೂಲರ್‌ಗೆ ಎಷ್ಟು ದೊಡ್ಡ ಮೋಟಾರು ಹಾಕಿದರೂ ಅಂಟಂಟೇ.

ಮೊದಲು ಒಂದು ಒದ್ದೆ ಬಟ್ಟೆ

ಪಾನಾ, ಪಕ್ಕಡ್ ಹಿಡಿಯುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಗೋಡೆಗೆ ಹಾಕುವ ಸಾದಾ ಥರ್ಮಾಮೀಟರ್ ಎರಡು. ಒಂದರ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಲ್ಲಿ ಬಿಟ್ಟೆವು. ಎರಡನ್ನೂ ನೆರಳಲ್ಲಿ ಇಟ್ಟು ಟೇಬಲ್ ಫ್ಯಾನ್ ಹಚ್ಚಿದೆವು. ಒಣ ಥರ್ಮಾಮೀಟರ್ 41 ಡಿಗ್ರಿ ತೋರಿಸಿತು. ಒದ್ದೆಯದು ಇಳಿಯುತ್ತಾ ಹೋಗಿ 24ಕ್ಕೆ ನಿಂತಿತು.

ನೀರು ಆರುವಾಗ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತದೆ. ಕೂಲರ್ ಅಂದರೆ ಇಷ್ಟೇ. ಎಷ್ಟೇ ಒಳ್ಳೆ ಕೂಲರ್ ತಂದರೂ ಆ ಒದ್ದೆ ಥರ್ಮಾಮೀಟರಿನ ಗೆರೆಗಿಂತ ಕೆಳಗೆ ಗಾಳಿ ತಣಿಯುವುದಿಲ್ಲ. ಅದೇ ಕೊನೆ. ನಮಗೆ ಸಿಕ್ಕ ಅಂತರ 17 ಡಿಗ್ರಿ. ಒಳ್ಳೆ ಪ್ಯಾಡು ಇದರಲ್ಲಿ ಮುಕ್ಕಾಲು ಭಾಗದ ಹತ್ತಿರ ಹತ್ತಿರ ಇಳಿಸುತ್ತದೆ. ಅಂದರೆ 41ರ ಗಾಳಿ 28-29ಕ್ಕೆ ಬರಬೇಕು. ಮಂಗಳೂರಿನಲ್ಲಿ ಇದೇ ಆಟ ಆಡಿದರೆ ಎರಡು ಥರ್ಮಾಮೀಟರ್ ಹತ್ತಿರ ಹತ್ತಿರವೇ ನಿಲ್ಲುತ್ತವೆ, ಯಾಕೆಂದರೆ ಅಲ್ಲಿನ ಗಾಳಿಯಲ್ಲಿ ಆಗಲೇ ನೀರಿದೆ. ನಮ್ಮ ಕಡೆ ಗಾಳಿ ಒಣಕಲು. ಬಟ್ಟೆ ಹಿಂಡಿ ಹಾಕಿದರೆ ಚಹಾ ಕುಡಿಯುವಷ್ಟರಲ್ಲಿ ಆರುತ್ತದಲ್ಲ, ಅದೇ ಕಾರಣಕ್ಕೆ ಕೂಲರ್ ಇಲ್ಲಿ ಕೆಲಸ ಮಾಡುತ್ತದೆ. ನಾವು ಬೈಯುವ ಬಿಸಿಲೇ ಅದಕ್ಕೆ ಬಂಡವಾಳ.

ಹಾಗಾಗಿ ನಮ್ಮ ಗುರಿ ಗೊತ್ತಾಯಿತು: ಕೂಲರ್ ಬಾಯಲ್ಲಿ 29 ಡಿಗ್ರಿ. ಅದು ಬಂದರೆ ಸಾಕು. ಬರದಿದ್ದರೆ ತಪ್ಪು ಎಲ್ಲಿದೆ ಅಂತ ಹುಡುಕಬೇಕು. ನನ್ನ ಅನುಭವದಲ್ಲಿ ಜನ ಫ್ಯಾನಿನ ಸದ್ದು ಕೇಳಿ ಕೂಲರ್ ಅಳೆಯುತ್ತಾರೆ. ಜೋರಾಗಿ ಬೀಸಿದರೆ ಒಳ್ಳೆ ಕೂಲರ್. ಅಳೆಯಬೇಕಾದ್ದು ಗಾಳಿಯ ಡಿಗ್ರಿ.

ಮೋಟಾರು ಸುಟ್ಟಿರಲಿಲ್ಲ

ಪ್ಲಗ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಪ್ಲಗ್ ತೆಗೆದು ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಸಲೀಸು. ಶಾಫ್ಟು ಹಿಡಿದಿಲ್ಲ, ಬುಷ್ ಸವೆದು ಅಲ್ಲಾಡುತ್ತಿಲ್ಲ. ಮಲ್ಟಿಮೀಟರಿನಲ್ಲಿ ವೈಂಡಿಂಗ್ ನೋಡಿದೆ, ಎರಡೂ ಕಾಯಿಲ್ ಓಮ್ ತೋರಿಸುತ್ತಿದ್ದವು, ಅಂದರೆ ತಂತಿ ಕಡಿದಿಲ್ಲ. ವೈಂಡಿಂಗ್‌ಗೂ ಬಾಡಿಗೂ ನಡುವೆ ಸೋರಿಕೆ ಏನೂ ಇಲ್ಲ. ಮೋಟಾರು ಸುಟ್ಟರೆ ವಾರ್ನಿಶ್ ಕರಕಲಾದ ಒಂದು ಕೆಟ್ಟ ವಾಸನೆ ಬರುತ್ತದೆ, ಅದೂ ಇಲ್ಲ. ಗುಂಯ್ ಅನ್ನುವುದು, ಓಡದೆ ಇರುವುದು: ಇದು ಕ್ಯಾಪಾಸಿಟರ್ ಲಕ್ಷಣ. ಸಿಂಗಲ್ ಫೇಸ್ ಮೋಟಾರಿಗೆ ಯಾವ ಕಡೆ ತಿರುಗಬೇಕು ಅಂತ ಮೊದಲ ತಳ್ಳು ಕೊಡುವುದೇ ಅದು.

ಕ್ಯಾಪಾಸಿಟರ್ ಮುಟ್ಟುವ ಮುಂಚೆ ಅದರಲ್ಲಿ ಉಳಿದ ಚಾರ್ಜ್ ಖಾಲಿ ಮಾಡಬೇಕು. 100 ವ್ಯಾಟಿನ ಹಳೆ ಬಲ್ಬ್ ಹೋಲ್ಡರಿನ ಎರಡು ತಂತಿ ತಾಗಿಸಿದರೆ ಆಯಿತು. ಮೇಲೆ ಬರೆದದ್ದು 4 ಮೈಕ್ರೋಫ್ಯಾರಡ್, 440 ವೋಲ್ಟ್. ಮೀಟರಿನಲ್ಲಿ ನೋಡಿದರೆ 2 ಮೈಕ್ರೋಫ್ಯಾರಡ್ ಕೂಡ ಇರಲಿಲ್ಲ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಅದೇ ಅಳತೆಯದು ತಂದೆವು, ನೂರು ರೂಪಾಯಿ ಒಳಗೆ. ಅಂಗಡಿಯವರು "ಜಾಸ್ತಿ ಪವರ್‌ದು ಒಯ್ರಿ, ಜೋರ್ ತಿರಗತದ" ಅಂದರು. ಬೇಡ. ದೊಡ್ಡ ಕ್ಯಾಪಾಸಿಟರ್ ಹಾಕಿದರೆ ಸಹಾಯದ ಕಾಯಿಲಿನಲ್ಲಿ ಕರೆಂಟ್ ಹೆಚ್ಚಿ ಮೋಟಾರು ಕಾಯುತ್ತದೆ. ಆಗ ನಿಜವಾಗಿಯೂ ವೈಂಡಿಂಗ್ ಮಾಡಿಸಬೇಕಾಗುತ್ತದೆ. ವೋಲ್ಟ್ 440ಕ್ಕಿಂತ ಕಡಿಮೆ ಇರಬಾರದು, ಮೈಕ್ರೋಫ್ಯಾರಡ್ ಅಷ್ಟಕ್ಕಷ್ಟೇ ಇರಬೇಕು.

ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಕೆಲವು ಹನಿ. ಬುಷ್ ಸುತ್ತ ಇರುವ ಉಣ್ಣೆಯ ರಿಂಗು ಅದನ್ನು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ, ಅದು ಧೂಳು ಕೂಡಿ ಅಂಟಾಗಿ ಕೂರುತ್ತದೆ. ರೆಕ್ಕೆಗಳನ್ನು ಸಾಬೂನು ನೀರಲ್ಲಿ ತೊಳೆದೆವು. ಒಂದು ರೆಕ್ಕೆಯ ಮೇಲೆ ಮಾತ್ರ ಮಣ್ಣು ಕೂತರೂ ತೂಕ ಏರುಪೇರಾಗಿ ಇಡೀ ಡಬ್ಬಿ ನಡುಗುತ್ತದೆ. ಪ್ಲಗ್ ಹಾಕಿದ ತಕ್ಷಣ ಮೋಟಾರು ಎದ್ದಿತು.

ತೊಟ್ಟಿ, ತುಕ್ಕು, ಸುಣ್ಣ

ಇಲ್ಲಿ ಕೈ ನೋಯಿತು. ಬೋರ್ ನೀರು ಆರುತ್ತಾ ಆರುತ್ತಾ ತೊಟ್ಟಿಯ ಗೋಡೆಗೆ ಬಿಳಿ ಪದರ ಕಟ್ಟಿತ್ತು. ಕೆಲವು ಕಡೆ ಬೆರಳಿನ ದಪ್ಪ. ಜನ ಇದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುತ್ತಾರೆ. ಸುಣ್ಣ ಹೋಗುತ್ತದೆ ನಿಜ, ಜೊತೆಗೆ ತಗಡಿನ ಮೇಲಿನ ಸತುವಿನ ಲೇಪವೂ ಹೋಗುತ್ತದೆ. ಮುಂದಿನ ವರ್ಷಕ್ಕೆ ತೂತು. ನಾವು ಕಿರಾಣಿ ಅಂಗಡಿಯ ನಿಂಬು ಸತ್ತು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಬಿಸಿನೀರಲ್ಲಿ ಕರಗಿಸಿ, ಹಳೆ ಟವೆಲ್ ಅದರಲ್ಲಿ ಅದ್ದಿ ಪದರದ ಮೇಲೆ ಹೊದಿಸಿದೆವು. ಬುಸುಬುಸು ನೊರೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮರದ ತುಂಡಿನಿಂದ ಕೆರೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಆಮೇಲೆ ಒಳ್ಳೆ ನೀರಲ್ಲಿ ಚೆನ್ನಾಗಿ ತೊಳೆಯಬೇಕು, ಹುಳಿ ಉಳಿಯಬಾರದು.

ಸುಣ್ಣ ಹೋದ ಮೇಲೆ ತುಕ್ಕು ಕಂಡಿತು. ತಂತಿ ಬ್ರಶ್ಶು, ನಂತರ ಎಮರಿ ಕಾಗದ. ತೂತು ಹುಡುಕಲು ಕತ್ತಲಾದ ಮೇಲೆ ತೊಟ್ಟಿಯನ್ನು ಎತ್ತಿ ಹಿಡಿದು ಒಳಗೆ ಟಾರ್ಚ್ ಬಿಟ್ಟೆವು. ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ. ಮಾರ್ಕರ್‌ನಿಂದ ಸುತ್ತು ಹಾಕಿದೆವು. ಸಣ್ಣವಕ್ಕೆ ಎಂ-ಸೀಲ್ ಸಾಕು. ಎರಡು ಮುದ್ದೆಯನ್ನೂ ಒಂದೇ ಬಣ್ಣ ಬರುವ ತನಕ ನಾದಬೇಕು, ಒಳಗಿನಿಂದಲೂ ಹೊರಗಿನಿಂದಲೂ ಒತ್ತಬೇಕು. ಮೂಲೆಯ ದೊಡ್ಡ ತೂತಿಗೆ ತಗಡಿನ ತೇಪೆ ಇಟ್ಟು ರಿವೆಟ್ ಹೊಡೆದು, ಅಂಚಿಗೆ ಅದೇ ಮುದ್ದೆ ಹಚ್ಚಿದೆವು.

ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್. ಅದು ಒಣಗಿದ ಮೇಲೆ ಒಳಗಡೆ ಕರಿ ಬಿಟುಮೆನ್ ಪೇಂಟು, ಎರಡು ಕೋಟಿಂಗ್. ಹೊರಗಿನ ಬಣ್ಣ ಗಂಡನ ಪಾಲು. ತಿಳಿ ಹಳದಿ ಬೇಕು ಅಂದ, ಬಳಿದ. ನನ್ನ ಮಟ್ಟಿಗೆ ಬಿಳಿ ಆಗಿದ್ದರೆ ಬಿಸಿಲು ಇನ್ನೂ ಸ್ವಲ್ಪ ಕಡಿಮೆ ಹೀರುತ್ತಿತ್ತು. ಆದರೆ ನೆರಳು ಕೊಡುವುದಾದರೆ ಬಣ್ಣದ ಮಾತು ಅಷ್ಟು ದೊಡ್ಡದಲ್ಲ, ಹಾಗಾಗಿ ಬಿಟ್ಟೆ.

ಪೇಂಟ್ ಒಣಗುವ ಹೊತ್ತಿಗೆ ಬೀದರ್

ಬಿಟುಮೆನ್ ಪೂರ್ತಿ ಗಟ್ಟಿಯಾಗದೆ ನೀರು ತುಂಬಿಸುವ ಹಾಗಿಲ್ಲ. ಅವಸರ ಮಾಡಿದರೆ ನೀರಿಗೆ ಡಾಂಬರಿನ ವಾಸನೆ, ಕೋಣೆಗೂ ಅದೇ ವಾಸನೆ. ಹೇಗೂ ಕಾಯಬೇಕು ಅಂತ ರೈಲು ಹತ್ತಿ ಬೀದರ್‌ಗೆ ಹೋದೆವು. 2017ರಲ್ಲಿ ಈ ಮಾರ್ಗ ಶುರುವಾದ ಮೇಲೆ ಬೀದರ್ ನಮಗೆ ಹತ್ತಿರದ ಊರಾಗಿದೆ. ಕಮಲಾಪುರದ ಕೆಂಪು ಬಾಳೆಹಣ್ಣು, ಮನೆಯಿಂದ ಕಟ್ಟಿಕೊಂಡ ಕಟಿರೊಟ್ಟಿ, ಶೇಂಗಾ ಹಿಂಡಿ. ದಾರಿ ಕಳೆಯಿತು.

ಬೀದರ್ ನಮಗಿಂತ ಎತ್ತರದಲ್ಲಿದೆ, ಸಂಜೆಯ ಗಾಳಿಯಲ್ಲೇ ಅದು ಗೊತ್ತಾಗುತ್ತದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಒಯ್ದ. ಇತಿಹಾಸದವರು ಏನೇ ಕಾರಣ ಹೇಳಲಿ, ಮೇ ತಿಂಗಳಲ್ಲಿ ನಮ್ಮೂರಲ್ಲಿ ಇದ್ದು ನೋಡಿದವರಿಗೆ ಇನ್ನೊಂದು ಕಾರಣ ತಾನಾಗಿ ಹೊಳೆಯುತ್ತದೆ.

ಕೋಟೆ ನೋಡಿ ನೌಬಾದ್ ಕಡೆಯ ಕರೇಜ್ ನೋಡಲು ಹೋದೆವು. ಜನ ಸುರಂಗ ಬಾವಿ ಅನ್ನುತ್ತಾರೆ. ಬಹಮನಿ ಕಾಲದಲ್ಲಿ ಪರ್ಷಿಯಾದ ವಿಧಾನದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ನೆಲದಡಿಯ ಕಾಲುವೆ. ಅಲ್ಲಲ್ಲಿ ಮೇಲಿನಿಂದ ನೇರ ಬಾವಿಗಳನ್ನು ಇಳಿಸಿದ್ದಾರೆ. ಅಗೆದ ಮಣ್ಣು ಎತ್ತಲು, ಒಳಗೆ ಗಾಳಿ ಬೆಳಕು ಬಿಡಲು, ನೀರು ಸೇದಲು. ನೀರು ನೆಲದೊಳಗೇ ಹರಿಯುವುದರಿಂದ ಬಿಸಿಲಿಗೆ ಆರಿ ಹೋಗುವುದಿಲ್ಲ. ಇಳಿಜಾರು ಎಷ್ಟು ನವಿರು ಅಂದರೆ ನೀರು ನಿಲ್ಲಲೂಬಾರದು, ನೆಲ ಕೊರೆಯಲೂಬಾರದು. ಪಂಪು ಇಲ್ಲದ ಕಾಲದಲ್ಲಿ ಈ ಲೆಕ್ಕ ಹಾಕಿದವರ ಮುಂದೆ ನಮ್ಮ ಪಿವಿಸಿ ಪೈಪಿನ ಕೆಲಸ ಏನೂ ಅಲ್ಲ.

ಪೇಟೆಯಲ್ಲಿ ಬಿದ್ರಿ ಕೆಲಸ ಮಾಡುವುದನ್ನು ಗಂಡ ನಿಂತು ನೋಡಿಯೇ ನೋಡಿದ. ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ, ಸತುವೇ ಬಹುಪಾಲು, ತಾಮ್ರ ಹದಿನಾರನೇ ಒಂದರ ಲೆಕ್ಕ. ಚಾಣದಲ್ಲಿ ಗೀರಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಒಂದು ಸಣ್ಣ ಕಿವಿಯೋಲೆ ಜೋಡಿ ಕೊಂಡೆವು. ಕೂಲರ್ ಬಜೆಟ್‌ನಿಂದಲೇ ಹೋಯಿತು. ಅದಕ್ಕೆ ನನ್ನ ತಕರಾರೇನೂ ಇಲ್ಲ.

ಪಂಪು, ಪೈಪು

ಹಳೆ 18 ವ್ಯಾಟಿನ ಪಂಪು ಸತ್ತಿರಲಿಲ್ಲ, ಉಸಿರು ಕಟ್ಟಿತ್ತು. ಮುಂದಿನ ಮುಚ್ಚಳ ಎಳೆದರೆ ಒಳಗೆ ಅಯಸ್ಕಾಂತದ ರೋಟರ್, ಅದರ ಸುತ್ತ ಸುಣ್ಣ ಮತ್ತು ಹುಲ್ಲಿನ ಎಳೆ. ಅದನ್ನೂ ನಿಂಬು ಸತ್ತಿನಲ್ಲಿ ನೆನೆಸಿ ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ. ಇಂಥ ಪಂಪನ್ನು ನೀರಿಲ್ಲದೆ ಓಡಿಸಬಾರದು, ಅದಕ್ಕೆ ನೀರೇ ಎಣ್ಣೆ, ನೀರೇ ತಂಪು. ಜಾಳಿಗೆಯ ಮೇಲೆ ಹಳೆ ಕಾಲ್ಚೀಲ ಹಾಕಿ ದಾರ ಕಟ್ಟಿದೆವು. ಕಸ ಹೊರಗೇ ನಿಲ್ಲುತ್ತದೆ.

ಅತ್ತೆಯ ದೂರಿನ ಅರ್ಧ ಉತ್ತರ, ಪಂಪು ಎತ್ತಿದ ನೀರನ್ನು ಪ್ಯಾಡಿಗೆ ಸುರಿಸುವ ಕೂಲರಿನ ಮೇಲ್ಗಡೆಯ ಕಾಲುವೆಯಲ್ಲಿತ್ತು. ತಗಡಿನ ಕಾಲುವೆಯ ತೂತುಗಳು ಮುಚ್ಚಿಹೋಗಿ ನೀರು ಎರಡೇ ಕಡೆ ಸುರಿಯುತ್ತಿತ್ತು. ಪ್ಯಾಡಿನ ಉಳಿದ ಭಾಗ ಒಣ. ಗಾಳಿ ಸೋಮಾರಿ, ಎಲ್ಲಿ ಸಲೀಸೋ ಅಲ್ಲಿಂದಲೇ ಬರುತ್ತದೆ. ಒಣ ಜಾಗದಿಂದ 41 ಡಿಗ್ರಿಯ ಗಾಳಿ ನೇರ ಒಳಗೆ ಬಂದು ತಣ್ಣನೆ ಗಾಳಿಯ ಜೊತೆ ಬೆರೆಯುತ್ತದೆ. ಆಗ ಫ್ಯಾನ್ ಎಷ್ಟು ಜೋರು ಮಾಡಿದರೂ ಜಾಸ್ತಿ ಬರುವುದು ಬಿಸಿ ಗಾಳಿಯೇ.

ಕಾಲುವೆ ಕಿತ್ತು ಅರ್ಧ ಇಂಚಿನ ಸಿಪಿವಿಸಿ ಪೈಪು ಹಾಕಿದೆವು, ಮೂರು ಕಡೆಯೂ. ಒಂದೊಂದು ಇಂಚಿಗೆ 2 ಮಿಲಿಮೀಟರಿನ ತೂತು. ತೂತುಗಳು ಮೇಲ್ಮುಖ. ಕೆಳಮುಖ ಇಟ್ಟರೆ ಮಣ್ಣು ಸುಣ್ಣ ಬಂದು ಅಲ್ಲೇ ಕೂತು ಮುಚ್ಚುತ್ತದೆ. ಮೇಲ್ಮುಖ ಇದ್ದರೆ ಕಸ ಪೈಪಿನ ತಳದಲ್ಲಿ ಉಳಿಯುತ್ತದೆ, ನೀರು ಚಿಮ್ಮಿ ಮೇಲಿನ ತಗಡಿಗೆ ತಾಗಿ ಹರಡಿ ಬೀಳುತ್ತದೆ. ಪ್ರತಿ ಪೈಪಿನ ತುದಿಗೆ ಅಂಟಿಸದ ಮುಚ್ಚಳ. ತಿರುಗಿಸಿ ತೆಗೆದು ಪಂಪು ಹಚ್ಚಿದರೆ ಕಸವೆಲ್ಲ ಹೊರಗೆ. ನಳದ ನೀರು ದಿನಾ ಬಾರದ ಮನೆಗಳಲ್ಲಿ ಬೋರ್ ನೀರೇ ಗತಿ, ಹಾಗಾಗಿ ತೊಳೆಯಲು ಬರುವ ಹಾಗೆ ಕಟ್ಟುವುದೇ ಒಳ್ಳೆಯದು.

ಹುಲ್ಲೋ ಜೇನುಗೂಡೋ

ಪ್ಯಾಡಿನ ವಿಷಯದಲ್ಲಿ ಮನೆಯಲ್ಲಿ ಒಂದು ಪೂರ್ತಿ ಸಂಜೆ ಜಗಳ. ಗಂಡನಿಗೆ ಖಸ್ ಬೇಕು, ಲಾವಂಚದ ಬೇರಿನ ಪ್ಯಾಡು. ಅಜ್ಜಿಯ ಮನೆಯ ವಾಸನೆ ಅಂತೆ. ನನಗೆ ಜೇನುಗೂಡಿನ ಪ್ಯಾಡು ಬೇಕು. ಮಾಮೂಲಿ ಕೂಲರ್ ಹುಲ್ಲು ಅಂದರೆ ಮರದ ಸಿಬಿರು. ಅಗ್ಗ, ಮೊದಲ ತಿಂಗಳು ಚೆನ್ನಾಗಿ ತಣಿಸುತ್ತದೆ, ಆಮೇಲೆ ಒದ್ದೆ ಭಾರಕ್ಕೆ ಕೆಳಗೆ ಜಗ್ಗಿ ಮೇಲ್ಗಡೆ ಖಾಲಿ ಬೀಳುತ್ತದೆ. ಮತ್ತೆ ಅದೇ ಬಿಸಿ ಗಾಳಿಯ ದಾರಿ. ಜೇನುಗೂಡಿನದು ರಾಳ ಹಾಕಿ ಗಟ್ಟಿ ಮಾಡಿದ ಕಾಗದ, ಜಗ್ಗುವುದಿಲ್ಲ, ಕೆಲವು ಬೇಸಿಗೆ ಬಾಳುತ್ತದೆ.

ಒಂದು ಕಡೆ ಖಸ್, ಎರಡು ಕಡೆ ಜೇನುಗೂಡು ಹಾಕೋಣ ಅಂತ ಅವನ ರಾಜಿ ಸೂತ್ರ. ಅದೂ ಆಗದು. ಮೂರು ಕಡೆ ಬೇರೆ ಬೇರೆ ಪ್ಯಾಡಿದ್ದರೆ ಗಾಳಿ ಎಲ್ಲಿ ತಡೆ ಕಡಿಮೆಯೋ ಆ ಕಡೆಯಿಂದಲೇ ನುಗ್ಗುತ್ತದೆ, ಉಳಿದವು ಲೆಕ್ಕಕ್ಕಷ್ಟೇ. ಕೊನೆಗೆ ಮೂರೂ ಕಡೆ 2 ಇಂಚಿನ ಜೇನುಗೂಡು. 4 ಇಂಚಿನದು ಇನ್ನೂ ತಣಿಸುತ್ತದೆ, ಆದರೆ ನಮ್ಮದು ಸಾದಾ ರೆಕ್ಕೆಯ ಫ್ಯಾನು, ದಪ್ಪ ಪ್ಯಾಡಿನಿಂದ ಗಾಳಿ ಎಳೆಯಲು ಅದಕ್ಕೆ ಶಕ್ತಿ ಸಾಲದು. ಖಸ್ ಬೇರನ್ನು ತೊಳೆದು ತೆಳು ಬಟ್ಟೆಯ ಪೊಟ್ಟಣ ಕಟ್ಟಿ ತೊಟ್ಟಿಗೆ ಹಾಕಿದ. ವಾಸನೆ ಬರುತ್ತದೆ, ಗಾಳಿಗೆ ಅಡ್ಡಿಯಿಲ್ಲ. ಈ ಉಪಾಯ ನನಗಿಂತ ಚೆನ್ನಾಗಿ ಹೊಳೆದದ್ದು ಅವನಿಗೇ.

ಜೇನುಗೂಡಿನ ಪ್ಯಾಡು ಕೂರಿಸುವಾಗ ಒಂದು ಸೂಕ್ಷ್ಮ ಇದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪ್ಯಾಡನ್ನು ಪಕ್ಕದಿಂದ ನೋಡಿದರೆ ಕೊಳವೆಗಳು ಎರಡು ಓರೆಯಲ್ಲಿ ಒಂದನ್ನೊಂದು ದಾಟುತ್ತವೆ. ತುಂಬ ಸಿಗುವ ಬಗೆಯಲ್ಲಿ ಒಂದು ಓರೆ 45 ಡಿಗ್ರಿ, ಇನ್ನೊಂದು 15. ಕಡಿದಾದ 45ರ ಓರೆ ಹೊರಗಡೆಗೆ, ಅಂದರೆ ಗಾಳಿ ಒಳಬರುವ ಮುಖದ ಕಡೆಗೆ ಕೆಳಗಿಳಿಯುವ ಹಾಗೆ ಇಡಬೇಕು. ಆಗ ಹೆಚ್ಚು ನೀರು ಹೊರಮುಖಕ್ಕೆ ಹರಿದು ಅಲ್ಲಿನ ಧೂಳನ್ನು ತೊಳೆಯುತ್ತದೆ. ಉಲ್ಟಾ ಇಟ್ಟರೆ ನೀರು ಫ್ಯಾನಿನ ಕಡೆ ಬಂದು ಹನಿ ಹನಿ ಹಾಸಿಗೆ ಮೇಲೆ ಸಿಡಿಯುತ್ತದೆ. ಕೊಳ್ಳುವಾಗ ಇಂಚಿನ ಅಳತೆಯಷ್ಟೇ ಅಲ್ಲ, ಯಾವ ಕಡೆ ಮೇಲೆ ಅಂತಲೂ ಗುರುತು ಮಾಡಿಕೊಳ್ಳಿ. ಅಂಚಿನ ಸಂದುಗಳಿಗೆ ಫೋಮ್ ಪಟ್ಟಿ ತುರುಕಿದೆವು.

ಅರ್ಥಿಂಗ್

ಕಬ್ಬಿಣದ ಡಬ್ಬಿ, ಒಳಗೆ ನೀರು, ನೀರಲ್ಲಿ ಮುಳುಗಿದ ಪಂಪು, ಒದ್ದೆ ನೆಲದ ಮೇಲೆ ಬರಿಗಾಲು. ಬೇಸಿಗೆಯಲ್ಲಿ ಕೂಲರ್ ಶಾಕ್ ಹೊಡೆದ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಬಣ್ಣ, ಪ್ಯಾಡು ಎಲ್ಲದರಲ್ಲೂ ರಾಜಿ ಮಾಡಿಕೊಳ್ಳಬಹುದು, ಇದರಲ್ಲಿ ಇಲ್ಲ.

ಮೂರು ತಂತಿಯ ಹೊಸ ಕೇಬಲ್ ಎಳೆದೆ. ಹಸಿರು ತಂತಿಯನ್ನು ತಗಡು ಕೆರೆದು ಬಣ್ಣ ತೆಗೆದ ಜಾಗಕ್ಕೆ, ಹಲ್ಲಿನ ವಾಷರ್ ಹಾಕಿ ಬೋಲ್ಟು ಬಿಗಿದೆ. ಬಣ್ಣದ ಮೇಲೆ ಬಿಗಿದರೆ ಅರ್ಥ್ ಅಲ್ಲ, ಅಲಂಕಾರ. ಮೋಟಾರಿನ ಬಾಡಿಯಿಂದಲೂ ಪಂಪಿನ ಹಸಿರು ತಂತಿಯಿಂದಲೂ ಅದೇ ಬೋಲ್ಟಿಗೆ. ಕೇಬಲ್ ಒಳಬರುವ ತೂತಿಗೆ ರಬ್ಬರ್ ಬಳೆ, ಇಲ್ಲದಿದ್ದರೆ ನಡುಕಕ್ಕೆ ತಗಡಿನ ಅಂಚೇ ತಂತಿ ಕೊಯ್ಯುತ್ತದೆ.

ಇಷ್ಟೆಲ್ಲ ಮಾಡಿದರೂ ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ ಸೊನ್ನೆ. ಮಲ್ಟಿಮೀಟರಿನಲ್ಲಿ ನೋಡಬೇಕು. ಫೇಸ್‌ಗೂ ನ್ಯೂಟ್ರಲ್‌ಗೂ 230 ವೋಲ್ಟಿನ ಹತ್ತಿರ. ಫೇಸ್‌ಗೂ ಅರ್ಥ್‌ಗೂ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಮಾತ್ರ. ನಮ್ಮ ಮನೆಯ ಆ ಕೋಣೆಯ ಸಾಕೆಟ್ಟಿನಲ್ಲಿ ಅರ್ಥ್ ಪಿನ್ನಿಗೆ ತಂತಿಯೇ ಇರಲಿಲ್ಲ. ಮನೆ ಮಾಲೀಕರಿಗೆ ಹೇಳಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ತಂತಿ ಎಳೆಸಿದೆವು, ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡ. ಕರೆಂಟ್ ಎಲ್ಲಾದರೂ ಸೋರಿದರೆ ಅದು ಕಣ್ಣು ಮಿಟುಕಿಸುವ ಮುಂಚೆ ಬೀಳುತ್ತದೆ.

ಕೆಲವರು ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿ "ಅರ್ಥ್ ಕೊಟ್ಟಿದ್ದೇವೆ" ಅನ್ನುತ್ತಾರೆ. ಮಾಡಬೇಡಿ, ಮಾಡಲು ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಡಬ್ಬಿಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ನೀರು ತುಂಬುವಾಗ, ಒರೆಸುವಾಗ ಪ್ಲಗ್ ಹೊರಗೆ. ಸ್ವಿಚ್ ಆಫ್ ಸಾಲದು.

ನೆರಳಿನ ಕೌದಿ

ಕೂಲರ್ ಕೂರಿಸಿದ್ದು ಪಡುವಣದ ಕಿಟಕಿಯ ಹೊರಗೆ, ಆಂಗಲ್ ಸ್ಟ್ಯಾಂಡ್ ಮೇಲೆ. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಗಂಡ ಕೌದಿ ಹೊಲಿಯುತ್ತಾನೆ, ಅಜ್ಜಿಯಿಂದ ಕಲಿತದ್ದು. ಹಸಿರು ನೆಟ್ಟಿನ ಮೇಲೆ ಹಳೆ ಇಳಕಲ್ ಸೀರೆಯ ಅಂಚು, ಲುಂಗಿಯ ತುಂಡು, ನನ್ನ ಕಾಲೇಜಿನ ದುಪಟ್ಟಾ, ಎಲ್ಲ ತೇಪೆ ಹಾಕಿ ಸಾಲು ಹೊಲಿಗೆಯಲ್ಲಿ ಹೊಲಿದ. ನಾಲ್ಕು ಮೂಲೆಗೂ ತ್ರಿಕೋನದ ತುಂಡು, ಅದಿಲ್ಲದೆ ಕೌದಿ ಮುಗಿಯುವುದಿಲ್ಲವಂತೆ. ಕೂಲರಿಗೆ ಇದು ತೀರಾ ಜಾಸ್ತಿ ಶೃಂಗಾರ ಅನಿಸಿದರೂ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನನ್ನ ಷರತ್ತು ಒಂದೇ: ಪ್ಯಾಡಿನಿಂದ ಒಂದು ಅಡಿ ದೂರ ಇರಬೇಕು. ಪ್ಯಾಡಿಗೆ ಒತ್ತಿದರೆ ಗಾಳಿ ಕಟ್ಟುತ್ತದೆ. ಮೇಲೆ ಬಿದಿರಿನ ಗಳ ಕಟ್ಟಿ ತೂಗುಬಿಟ್ಟೆವು.

ಕಿಟಕಿ

ಮೊದಲ ದಿನ ಓಡಿಸಿದಾಗ ಕೂಲರ್ ಬಾಯಲ್ಲಿ ಥರ್ಮಾಮೀಟರ್ ಹಿಡಿದರೆ 29. ಹೊರಗೆ 41. ಲೆಕ್ಕ ಹಾಕಿದ್ದೂ ಅದೇ. ಅತ್ತೆ ಬಂದರು, ತಣ್ಣನೆ ಗಾಳಿ ಬರುತ್ತದೆ ಅಂತ ಖುಷಿಪಟ್ಟು, ತಂಪು ಹೊರಗೆ ಹೋಗಬಾರದು ಅಂತ ಎದುರಿನ ಕಿಟಕಿ, ಬಾಗಿಲು ಎರಡನ್ನೂ ಹಾಕಿದರು. ಸ್ವಲ್ಪ ಹೊತ್ತಲ್ಲೇ ಕುತ್ತಿಗೆ ಅಂಟತೊಡಗಿತು. ದೂರಿನ ಇನ್ನರ್ಧ ಉತ್ತರ ಇದು.

ಏಸಿ ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ, ಅದಕ್ಕೆ ಬಾಗಿಲು ಮುಚ್ಚಬೇಕು. ಕೂಲರ್ ಹೊರಗಿನ ಗಾಳಿಗೆ ನೀರು ಸೇರಿಸಿ ಒಳಗೆ ತಳ್ಳುತ್ತದೆ. ಆ ಒದ್ದೆ ಗಾಳಿ ಹೊರಗೆ ಹೋಗದಿದ್ದರೆ ಕೋಣೆ ತುಂಬ ಆವಿ, ಬೆವರು ಆರುವುದಿಲ್ಲ. ಒಳಗೆ ಗಾಳಿ ತುಂಬಿಕೊಂಡು ಫ್ಯಾನಿಗೂ ತಳ್ಳಲಾಗುವುದಿಲ್ಲ. ಎದುರುಗಡೆ ಕಿಟಕಿ ತೆರೆದೆ, ಪರದೆ ಹೊರಗಡೆಗೆ ಉಬ್ಬಿತು. ಅದೇ ಗುರುತು. ಪರದೆ ಹೊರಗೆ ಉಬ್ಬಿದರೆ ಸರಿ, ನೇತುಬಿದ್ದಿದ್ದರೆ ಇನ್ನೂ ತೆರೆಯಬೇಕು. ಎರಡು ಕೋಣೆಗೆ ತಂಪು ಬೇಕಾದರೆ ಮಲಗುವ ಕೋಣೆಯ ಕಿಟಕಿ ಮುಚ್ಚಿ ಅಡುಗೆ ಮನೆಯ ಕಿಟಕಿ ತೆರೆಯುತ್ತೇವೆ, ಗಾಳಿ ದಾಟಿಕೊಂಡು ಅಲ್ಲಿಗೇ ಹೋಗುತ್ತದೆ. ಅತ್ತೆ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಪರದೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ದಿನದ ಖರ್ಚು, ವಾರದ ಕೆಲಸ

ತೊಟ್ಟಿಯ ಒಳಗೆ ಅಳತೆಯ ಗೆರೆ ಎಳೆದಿದ್ದೇವೆ. ನಡು ಮಧ್ಯಾಹ್ನ ಗಂಟೆಗೆ ಸುಮಾರು 10 ಲೀಟರ್ ನೀರು ಇಳಿಯುತ್ತದೆ. ಇದನ್ನು ಕೇಳಿ ಕೆಲವರು ಹೌಹಾರುತ್ತಾರೆ. ಒಂದು ಲೀಟರ್ ನೀರು ಆರುವಾಗ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಎತ್ತಿಕೊಂಡು ಹೋಗುತ್ತದೆ. ತಂಪಿನ ಕೆಲಸ ಮಾಡುವುದು ಆ ನೀರು, ಕರೆಂಟ್ ಬರೀ ಗಾಳಿ ತಳ್ಳುತ್ತದೆ. ನೀರು ಇಳಿಯದ ಕೂಲರ್ ತಂಪೂ ಮಾಡುತ್ತಿಲ್ಲ ಅಂತ ತಿಳಿಯಿರಿ. ತಾನಾಗಿ ತುಂಬಲು ಬಾಲ್ ಕಾಕ್ ಹಾಕಿ ಟ್ಯಾಂಕಿನಿಂದ ಪೈಪು ಎಳೆದಿದ್ದೇವೆ.

ವಾರಕ್ಕೊಮ್ಮೆ ಪೂರ್ತಿ ಖಾಲಿ. ಎರಡು ಕಾರಣ. ನೀರು ಆರುತ್ತಾ ಹೋದ ಹಾಗೆ ಉಪ್ಪು ಸುಣ್ಣ ತೊಟ್ಟಿಯಲ್ಲೇ ಉಳಿದು ದಪ್ಪಗಾಗುತ್ತದೆ, ಆಮೇಲೆ ಪ್ಯಾಡಿನ ಮೇಲೆ ಕೂರುತ್ತದೆ. ಇನ್ನೊಂದು ಡೆಂಗಿ. ಆ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡುತ್ತದೆ, ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಸಾಲದು, ಬ್ರಶ್ಶಿನಲ್ಲಿ ಗೋಡೆ ಉಜ್ಜಬೇಕು. ಆ ಉಪ್ಪು ನೀರನ್ನು ಕರಿಬೇವಿನ ಕುಂಡಕ್ಕೆ ಹಾಕಬೇಡಿ, ಫರ್ಸಿ ನೆಲ ತೊಳೆಯಲು ಬಳಸಿ.

ಕೂಲರ್ ಆಫ್ ಮಾಡುವ ಮುಂಚೆ ಪಂಪು ನಿಲ್ಲಿಸಿ ಹತ್ತು ನಿಮಿಷ ಬರೀ ಫ್ಯಾನು ಓಡಿಸುತ್ತೇವೆ. ಪ್ಯಾಡು ಒಣಗುತ್ತದೆ, ಮುಗ್ಗಲು ವಾಸನೆ ಬರುವುದಿಲ್ಲ. ಮುಂಗಾರು ಹಿಡಿದ ಮೇಲೆ ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಅಂತರ ಐದಾರು ಡಿಗ್ರಿಗೆ ಇಳಿದರೆ ಪಂಪು ಹಚ್ಚಿ ಉಪಯೋಗವಿಲ್ಲ. ಆಗ ತೊಟ್ಟಿ ಖಾಲಿ ಮಾಡಿ, ಪೈಪಿನ ಮುಚ್ಚಳ ತೆಗೆದು ತೊಳೆದು, ಪಂಪನ್ನು ಒರೆಸಿ ಒಳಗಿಡಬೇಕು. ಪ್ಯಾಡು ಪೂರ್ತಿ ಒಣಗಿದ ಮೇಲೆಯೇ ಗೋಣಿಚೀಲ ಸುತ್ತಬೇಕು. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ಬೆವರಿ ಮತ್ತೆ ತುಕ್ಕು ಹಿಡಿಯುತ್ತದೆ. ಸ್ಟ್ಯಾಂಡಿನ ಒಂದು ಕಾಲು ಇನ್ನೂ ಕುಂಟುತ್ತಿದೆ. ಸದ್ಯಕ್ಕೆ ಅದರಡಿ ಶಹಾಬಾದ್ ಕಲ್ಲಿನ ಚೂರು ಕೊಟ್ಟಿದ್ದೇವೆ, ವೆಲ್ಡಿಂಗ್ ಮಾಡಿಸಬೇಕು.